ಆರಲಿ

ಎರಡು ಬಟ್ಟಲು, ಒಂದೇ ಕೆಟಲು.
ಒಂದರಲ್ಲಿ ನನ್ನ ಥರ್ಮಾಮೀಟರು,
ಇನ್ನೊಂದು ಓಗುಲ್‌ಸೊಲ್ತಾನ್ ಅಜ್ಜಿಯ ಕೈಯಲ್ಲಿ.
"ದಿನಾ ಕುಡಿಯುವಷ್ಟು ಬಿಸಿಗೆ ಬಂದಾಗ ಹೇಳಿ" ಅಂದೆ.
ನನ್ನ ಮಾತು ಮುಗಿಯುವ ಮೊದಲೇ ಗುಟುಕರಿಸಿ
"ಈಗ" ಅಂದಳು.
ಎಪ್ಪತ್ತೊಂದು ಡಿಗ್ರಿ.
"ಏನಮ್ಮಾ ಮಾರಾಲ್, ಚಹಾಕ್ಕೂ ಜ್ವರವೇ?"
ಮಗ್ಗದ ಹಿಂದೆ ಸೊಸೆಯರು ಕಿಸಕ್ಕೆಂದರು.
ನಾನೂ ನಕ್ಕು, ಬರೆದುಕೊಂಡೆ.

ಗೋಲೆಸ್ತಾನದ ಉತ್ತರಕ್ಕೆ ಈ ತುರ್ಕಮೆನ್ ಬಯಲು.
ಗಾಳಿಗೆ ಅಡ್ಡ ನಿಲ್ಲಲು ಒಂದು ಮರವಿಲ್ಲ.
ಚಳಿಗಾಲದಲ್ಲಿ ಬಟ್ಟಲೇ ಒಲೆ,
ಮೊದಲು ಬೆರಳಿಗೆ, ಆಮೇಲೆ ಎದೆಗೆ.
ಅಂಥವರ ಮನೆಮನೆಗೆ ಹೋಗಿ ನಾನು
"ಆರಲಿ, ಆರಲಿ, ಆಮೇಲೆ ಕುಡಿಯಿರಿ" ಎನ್ನುತ್ತೇನೆ.
ಬಾಯಾರಿದವರ ಮುಂದೆ
ಆರಲಿ ಎನ್ನುವುದು ಎಷ್ಟು ಸುಲಭ!

ಮೂಲೆಯಲ್ಲಿ ನೆಪೆಸ್ ಅಜ್ಜ ರೊಟ್ಟಿ ಮುರಿದು
ಚಹಾದಲ್ಲಿ ಅದ್ದುತ್ತಿದ್ದ.
ಅದ್ದುವುದು ಹೊಸದಲ್ಲ. ಅದ್ದಿ ಕಾಯುವುದು ಹೊಸದು.
ತುಂಡು ಗಂಜಿಯಾಗುವ ತನಕ ಕಾದು,
ನುಂಗಿ, ಮುಷ್ಟಿಯಿಂದ ಎದೆ ಮೆಲ್ಲಗೆ ಗುದ್ದಿಕೊಂಡು,
ಯಾರಾದರೂ ಕಂಡರೇ ಎಂದು ಸುತ್ತ ನೋಡಿದ.
ನಾನು ಕಂಡಿದ್ದೆ.
ನನ್ನ ಫಾರಮ್ಮಿನಲ್ಲಿ ಅದಕ್ಕೆ ಖಾನೆ ಇರಲಿಲ್ಲ.

"ಯಾವಾಗಿನಿಂದ ಅಜ್ಜಾ?"
"ಕುರಿಯ ತುಪ್ಪಟ ಕತ್ತರಿಸಿದಾಗಿನಿಂದ."
ಅಂದರೆ ನಾಲ್ಕು ತಿಂಗಳು.
ಬೆಲ್ಟಿಗೆ ಮೊಳೆಯಿಂದ ಹೊಡೆದ ಮೂರು ಹೊಸ ತೂತು.
ನಮ್ಮಪ್ಪನ ಬೆಲ್ಟಿಗೆ ಐದಿತ್ತು.

ಗೋರ್ಗಾನಿನ ಆಸ್ಪತ್ರೆಯಲ್ಲಿ
ಹಗ್ಗದಂಥ ಕ್ಯಾಮರಾ ಅವನ ಗಂಟಲಿಗಿಳಿಯಿತು.
ಪರದೆಯ ಮೇಲೆ ಅವನದೇ ಒಳದಾರಿ, ಒದ್ದೆ, ಗುಲಾಬಿ,
ನಡುವೆ ಒಂದು ಕಡೆ ದಡ ಕುಸಿದ ಕಾಲುವೆ.
ಅಕ್ಕಿಕಾಳಷ್ಟು ಚಿವುಟಿ ತೆಗೆದರು.
ಒಂಬತ್ತು ದಿನ ಆ ಕಾಳು ಎಲ್ಲೋ ಗಾಜಿನ ಕೆಳಗಿತ್ತು,
ಇಲ್ಲಿ ನಮ್ಮೆಲ್ಲರ ಗಂಟಲಲ್ಲೂ ಬಿಸಿ ತುಪ್ಪ.

ಹತ್ತನೆಯ ದಿನ ಅಜ್ಜಿ ಡಾಕ್ಟರನ್ನು ಕೇಳಿದ್ದು ಒಂದೇ.
"ಐವತ್ತು ವರ್ಷ ಸುರಿದುಕೊಟ್ಟವಳು ನಾನು.
ನಾನೇ ಮಾಡಿದೆನೇ ಇದನ್ನು?"

ಡಾಕ್ಟರು ಹೆಣ್ಣುಮಗಳು, ಎಳೆ ವಯಸ್ಸು.
ಪೆನ್ನು ಕೆಳಗಿಟ್ಟಳು.
ಚಹಾ ಅಲ್ಲ ತಾಯೀ, ಅದರ ಸುಡುವಿಕೆ ಇರಬಹುದು,
ಮಂಡಿನೋವಿಗೆಂದು ಮೂವತ್ತು ವರ್ಷ ಸೇದಿದ ಅಫೀಮು ಇರಬಹುದು,
ಸೊಪ್ಪು ಕಾಣದ ಚಳಿಗಾಲಗಳು, ಅಣ್ಣನಿಗೂ ಬಂದಿದ್ದ ರಕ್ತ,
ಮತ್ತೆ ನಮಗಿನ್ನೂ ಗೊತ್ತಿಲ್ಲದ್ದು.
ಒಂದೇ ದಾರ ಹಿಡಿದೆಳೆದರೆ ಬಿಚ್ಚುವುದಿಲ್ಲ.

ದಾರ ಎಂದದ್ದೇ ತಡ, ಅಜ್ಜಿ ತಲೆಯೆತ್ತಿದಳು.
"ಗೊತ್ತು. ಒಂದು ಗಂಟು ತಪ್ಪಿದರೆ
ಮೇಲಿನ ಸಾಲು ತಪ್ಪನ್ನೇ ನೋಡಿ ಕಲಿಯುತ್ತದೆ.
ಬೇಗ ಕಣ್ಣಿಗೆ ಬಿದ್ದರೆ ಬಿಚ್ಚಬಹುದು.
ಅರ್ಧ ಗಂಬಳಿ ಆದಮೇಲೆ ಕತ್ತರಿಯೇ."

ಕತ್ತರಿಗೂ ಮೊದಲು ಕಿರಣ. ಇಪ್ಪತ್ತಮೂರು ದಿನ,
ಬೆಳಗಿನ ಜಾವದ ಬಸ್ಸು, ಕಿಟಕಿಗೆ ಒರಗಿದ ಅವನ ಟೊಪ್ಪಿಗೆ.
ಆಮೇಲೆ ಹೊಟ್ಟೆಯನ್ನೇ ಮೇಲೆಳೆದು
ಕತ್ತಿನ ಬುಡಕ್ಕೆ ಹೊಲಿದರು.
ಈಗ ಕೂತೇ ಮಲಗುತ್ತಾನೆ, ಚಮಚದಲ್ಲಿ ಉಣ್ಣುತ್ತಾನೆ,
ಕುದುರೆಗಳ ಬಗ್ಗೆ ಸುಳ್ಳು ಹೇಳುವುದು ಬಿಟ್ಟಿಲ್ಲ.
"ಇನ್ನೆಷ್ಟು ವರ್ಷ?" ಎಂದರೆ ಡಾಕ್ಟರು "ನೋಡೋಣ" ಅಂದಳಂತೆ.
ಆ ನೋಡೋಣವನ್ನು ಬಸ್ ಟಿಕೇಟಿನ ಹಾಗೆ ಮಡಚಿ
ಜೇಬಿನಲ್ಲಿಟ್ಟುಕೊಂಡಿದ್ದಾನೆ.

ಮೊನ್ನೆ ಮತ್ತೆ ಹೋದೆ, ಥರ್ಮಾಮೀಟರು ಹಿಡಿದು.
"ಅದು ಚೀಲದಲ್ಲೇ ಇರಲಿ" ಅಂದಳು ಅಜ್ಜಿ.
ಚಹಾ ಸುರಿದು, ಬಟ್ಟಲು ಪಕ್ಕಕ್ಕಿಟ್ಟು,
ಮಗ್ಗಕ್ಕೆ ತಿರುಗಿದಳು.
"ನಲವತ್ತು ಗಂಟು. ಅಷ್ಟರಲ್ಲಿ ಆರುತ್ತದೆ."

ಕೆಂಪು ದಾರ, ಚಾಕು, ಕೆಂಪು ದಾರ, ಚಾಕು.
ಮೊಮ್ಮಗಳು ಬೆರಳು ಮಡಚಿ ಎಣಿಸುತ್ತಿದ್ದಳು.
ಹೊರಗೆ ಗಾಳಿ ತಗಡನ್ನು ಎತ್ತಿ ಎತ್ತಿ ಒಗೆಯುತ್ತಿತ್ತು.

ಮೂವತ್ತೆರಡಕ್ಕೆ ಕೈ ನಿಂತಿತು.
ಬಟ್ಟಲು ಎತ್ತಿಕೊಂಡು, ನನ್ನ ಮುಖ ನೋಡದೆ,
"ಇವತ್ತು ಚಳಿ ಜಾಸ್ತಿ" ಅಂದಳು.

ನಾನೂ ನನ್ನ ಬಟ್ಟಲು ಎತ್ತಿಕೊಂಡೆ.
ಏನೂ ಬರೆದುಕೊಳ್ಳಲಿಲ್ಲ.